ಕಾಯ್ದಿರಿಸಿದ ಕೋಣೆಯೂ ಕೊಟ್ಟ ಮಾತೂ

ಅತಿಥಿ ಎಂಬ ಶಬ್ದಕ್ಕೆ ನಮ್ಮ ಹಿರಿಯರು ಹೇಳಿದ ನಿರ್ವಚನವನ್ನು ವಾಚಕರು ಬಲ್ಲರು. ಯಾವನ ಆಗಮನಕ್ಕೆ ತಿಥಿಯ ನಿಯಮವಿಲ್ಲವೋ ಅವನು ಅತಿಥಿ. ಮನುವು ಒಂದು ರಾತ್ರಿ ಮಾತ್ರ ತಂಗುವವನಿಗೆ ಈ ಹೆಸರನ್ನಿತ್ತು, ಅವನ ನಿಲವು ನಿತ್ಯವಲ್ಲದುದರಿಂದ ಹಾಗೆ ಕರೆಯುವರೆಂದು ಕಾರಣವನ್ನೂ ಹೇಳಿದ್ದಾನೆ. ಈ ಲಕ್ಷಣವನ್ನು ಒಪ್ಪುವುದಾದರೆ, ಆರು ತಿಂಗಳು ಮುಂಚಿತವಾಗಿಯೇ ದಿನವನ್ನು ಗೊತ್ತುಮಾಡಿ, ಕೋಣೆಯ ಕಿಟಕಿ ಯಾವ ಬೀದಿಗೆ ತೆರೆದಿರಬೇಕೆಂಬುದನ್ನು ಕೂಡ ಆರಿಸಿಕೊಂಡು ಬರುವವನು ಅತಿಥಿಯಾಗಲಾರನು. ಹಾಗಾದರೆ ಅವನು ಯಾರು? ಗಿರಾಕಿಯೆಂದರೆ ಮಾತು ಪೂರ್ಣವಾಗುವುದಿಲ್ಲ. ಅಂಗಡಿಯಲ್ಲಿ ಅಕ್ಕಿಯನ್ನು ಕೊಂಡವನು ಹಣ ಕೊಟ್ಟು ಚೀಲವನ್ನು ಹೊತ್ತು ನಡೆದುಬಿಡುತ್ತಾನೆ. ಹೋಟೆಲಿನಲ್ಲಿ ಕೋಣೆ ಕಾಯ್ದಿರಿಸಿದವನು ಬಹಳ ಸಲ ಹಣವನ್ನು ಇನ್ನೂ ಕೊಟ್ಟಿಲ್ಲ, ಕೋಣೆಯೂ ಇನ್ನೂ ಅವನ ಕೈಗೆ ಬಂದಿಲ್ಲ. ಈ ನಡುವೆ ಇರುವುದು ಒಂದು ಮಾತು ಮಾತ್ರ. ಆ ಮಾತಿನ ಸ್ವರೂಪವೇನು, ಅದಕ್ಕೆ ಎಷ್ಟು ಬೆಲೆ, ಅದನ್ನು ಯಾವಾಗ ಬಿಡಬಹುದು, ಯಾವಾಗ ಬಿಡಬಾರದು ಎಂಬುದನ್ನು ಯಥಾಮತಿಯಾಗಿ ವಿಚಾರಮಾಡಬೇಕೆಂದು ಇಲ್ಲಿ ತೊಡಗಿದ್ದೇನೆ.

ಇದು ಕೇವಲ ತರ್ಕದ ವಿನೋದಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ನಿವೃತ್ತರಾದ ತಂದೆತಾಯಿಗಳು ಅಲ್ಲಿಗೆ ಹೋಗಿ ಆರು ತಿಂಗಳು ಇದ್ದು ಬರುವುದುಂಟು. ಅಲ್ಲಿರುವಾಗ ಮಕ್ಕಳು ಅವರನ್ನು ಹಡಗಿನ ಪ್ರವಾಸಕ್ಕೂ ಕರೆದೊಯ್ಯುತ್ತಾರೆ. ಹಾಗೆ ಹೋಗುವ ಪ್ರವಾಸಗಳಲ್ಲಿ ದಕ್ಷಿಣ ಅಮೆರಿಕದ್ದು ಒಂದು. ಆ ಖಂಡದ ತುದಿಯಾದ ಹಾರ್ನ್ ಭೂಶಿರವನ್ನು ಸುತ್ತುವ ಹಡಗುಗಳು ಒಂದು ಕಡೆಯಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಿಂದಲೂ, ಮತ್ತೊಂದು ಕಡೆಯಲ್ಲಿ ಚಿಲಿಯ ತೀರದಿಂದಲೂ ಹೊರಡುತ್ತವೆ. ಹಿಮಖಂಡವಾದ ಅಂಟಾರ್ಕ್ಟಿಕಕ್ಕೆ ಹೋಗುವವು ಬಹುಮಟ್ಟಿಗೆ ಉಷುವಾಯ ಎಂಬ ದಕ್ಷಿಣದ ಊರಿನಿಂದ, ನವೆಂಬರಿನಿಂದ ಮಾರ್ಚಿಯವರೆಗಿನ ಅಲ್ಲಿಯ ಬೇಸಿಗೆಯಲ್ಲಿ ಹೊರಡುತ್ತವೆ.

ಹಡಗಿನ ಪ್ರವಾಸದಲ್ಲಿ ಹಡಗೇ ಮನೆ, ಹಡಗೇ ಅಡಿಗೆಮನೆ. ಆದಕಾರಣ ಹೋಟೆಲಿನ ಚಿಂತೆ ಏಕೆಂದು ಕೆಲವರು ಕೇಳಬಹುದು. ಕಾರಣ ಸರಳವಾದುದು. ಹಡಗು ಯಾರಿಗೂ ಕಾಯುವುದಿಲ್ಲ. ಹೊರಡುವ ದಿನವೇ ವಿಮಾನದಿಂದ ಇಳಿದು ಬಂದರಿಗೆ ಓಡುವವನು, ವಿಮಾನ ತಡವಾದರೆ ಮುಂದಿನ ರೇವಿನವರೆಗೆ ಹಡಗನ್ನು ಹಿಂಬಾಲಿಸಬೇಕಾಗುತ್ತದೆ. ಅಂಟಾರ್ಕ್ಟಿಕದ ಹಡಗಿಗೆ ಮುಂದಿನ ರೇವೆಂಬುದೇ ಇಲ್ಲ. ೨೦೨೪ನೆಯ ಮೇ ೯ರಂದು ಅರ್ಜೆಂಟೀನಾದಲ್ಲಿ ಸಾರ್ವತ್ರಿಕ ಮುಷ್ಕರವಾಗಿ ನೂರಾರು ವಿಮಾನಗಳು ನಿಂತುಹೋದವು. ಆದುದರಿಂದ ತಿಳಿದವರು ಒಂದು ದಿನವಲ್ಲ, ಎರಡು ಮೂರು ದಿನ ಮುಂಚೆಯೇ ಹೋಗಿ ಊರಿನಲ್ಲಿ ತಂಗುತ್ತಾರೆ. ಹೊರದೇಶದ ವಿಮಾನ ಸಾಧಾರಣವಾಗಿ ಇಳಿಯುವ ಎಸೇಸಾ ನಿಲ್ದಾಣವು ನಗರದಿಂದ ಮೂವತ್ತು ಕಿಲೋಮೀಟರಿನಷ್ಟು ದೂರ. ಉಷುವಾಯಕ್ಕೆ ಹೋಗುವ ವಿಮಾನ ಬಹುಮಟ್ಟಿಗೆ ಹೊರಡುವುದು ನದಿಯ ದಡದಲ್ಲಿರುವ ಬೇರೊಂದು ನಿಲ್ದಾಣದಿಂದ, ಮತ್ತು ಅದರ ಪ್ರಯಾಣವೇ ಸುಮಾರು ಮೂರೂವರೆ ಗಂಟೆ. ಅರವತ್ತು ದಾಟಿದವರು ಇವೆರಡನ್ನೂ ಒಂದೇ ದಿನದಲ್ಲಿ ಮುಗಿಸುತ್ತೇವೆಂದು ಹೊರಡುವುದು ಸಾಹಸವೇ ಹೊರತು ಜಾಣತನವಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಹಡಗಿನ ಕಂಪೆನಿಗಳ ಪ್ರಕಟಣೆಯಲ್ಲಿ ಸಾಂತಿಯಾಗೊ ಎಂದು ಬರೆದಿರುತ್ತದೆ. ಚಿಲಿಯ ಈ ರಾಜಧಾನಿಗೆ ಸಮುದ್ರವೇ ಇಲ್ಲ! ಹಡಗು ಹೊರಡುವುದು ಸಾನ್ ಆಂಟೋನಿಯೊ ಎಂಬ ರೇವಿನಿಂದಲೋ ವಾಲ್ಪರೈಸೊ ಎಂಬ ರೇವಿನಿಂದಲೋ. ಎರಡೂ ರಾಜಧಾನಿಯಿಂದ ನೂರು ಕಿಲೋಮೀಟರಿಗೆ ಮೀರಿದ ದೂರದಲ್ಲಿವೆ, ಎರಡೂ ಬೇರೆ ಬೇರೆ ಊರುಗಳು. ಅಂತೆಯೇ ಪೆರುವಿನ ಲಿಮಾ ಎಂದರೆ ಕಯಾವೊ ರೇವು, ಬ್ರೆಜಿಲಿನ ಸಾವೊ ಪಾವ್ಲೊ ಎಂದರೆ ಸಾಂತೋಸ್ ರೇವು. ಬಂದರಿನ ನಿಜವಾದ ಹೆಸರನ್ನು ತಿಳಿಯದೆ ಹೋಟೆಲನ್ನು ಆರಿಸುವುದು ದಿಕ್ಕನ್ನು ತಿಳಿಯದೆ ಬಾಗಿಲಿಟ್ಟಂತೆ.

ಇರಲಿ. ನನಗೆ ಪರಿಚಿತರಾದ ಒಂದು ಕುಟುಂಬದಲ್ಲಿ ಈ ಸಂಬಂಧವಾಗಿ ನಡೆದ ಮಾತುಕತೆಯೇ ಈ ಬರಹಕ್ಕೆ ನಿಮಿತ್ತ. ದಂಪತಿಗಳು ಇಬ್ಬರೂ ವಿದ್ಯಾವಂತರು. ಮಗನು ಅಮೆರಿಕದಲ್ಲಿ ಉದ್ಯೋಗಿ. ಅವನು ತಂದೆತಾಯಿಗಳಿಗಾಗಿ ಬ್ಯೂನಸ್ ಐರಿಸ್‌ನಲ್ಲಿ ಅದೇ ಮೂರು ರಾತ್ರಿಗಳಿಗೆ ಮೂರು ಹೋಟೆಲುಗಳಲ್ಲಿ ಕೋಣೆ ಹಿಡಿದಿದ್ದನು. ಒಂದು ರೆಕೊಲೆಟಾ ಎಂಬ ಶ್ರೀಮಂತರ ಬಡಾವಣೆಯಲ್ಲಿ. ಒಂದು ಸಾನ್ ಟೆಲ್ಮೊ ಎಂಬ ಕಲ್ಲುಹಾಸಿನ ಹಳೆಯ ಬೀದಿಗಳ ಕೇರಿಯಲ್ಲಿ. ಮತ್ತೊಂದು ಉದ್ಯಾನಗಳಿಗೆ ಹೆಸರಾದ ಪಲೆರ್ಮೊದಲ್ಲಿ. ಹೊರಡುವ ಹೊತ್ತಿಗೆ ಯಾವುದು ಮನಸ್ಸಿಗೆ ಬರುವುದೋ ಅದನ್ನು ಇಟ್ಟುಕೊಂಡು ಉಳಿದೆರಡನ್ನು ಬಿಡುವುದೆಂದು ಅವನ ಉಪಾಯ.

"ಅಮ್ಮ, ಮೂರಕ್ಕೂ ದುಡ್ಡು ಕೊಟ್ಟಿಲ್ಲ. ಎರಡು ದಿನ ಮುಂಚೆ ಬೇಡವೆಂದರೆ ಒಂದು ಕಾಸೂ ಹೋಗುವುದಿಲ್ಲ. ಅವರೇ ಹಾಗೆಂದು ಬರೆದಿದ್ದಾರೆ" ಎಂದನು ಮಗ.

"ಮೂರು ಮನೆಯವರಿಗೂ ಊಟಕ್ಕೆ ಬರುತ್ತೇವೆಂದು ಹೇಳಿ, ಮೂರು ಕಡೆಯೂ ಎಲೆ ಹಾಕಿಸಿ, ಒಂದು ಕಡೆ ಕೂತುಕೊಳ್ಳುವುದಲ್ಲವೇನೋ ಇದು?" ಎಂದರು ತಾಯಿ.

ತಂದೆಯವರು ಖಜಾನೆಯ ಇಲಾಖೆಯಲ್ಲಿ ಕೆಲಸಮಾಡಿ ನಿವೃತ್ತರಾದವರು. ಅವರು ಮಗನ ಪಕ್ಷವನ್ನು ಹಿಡಿದು, "ಊಟಕ್ಕೆ ಕರೆದವರು ದುಡ್ಡು ಕೇಳುವುದಿಲ್ಲ, ಇವರು ಕೇಳುತ್ತಾರೆ. ಅದು ಮರ್ಯಾದೆಯ ವಿಷಯ, ಇದು ವ್ಯಾಪಾರ. ಎರಡನ್ನೂ ಕಲೆಸಬೇಡ" ಎಂದರು.

ಈ ಮೂರು ಮಾತುಗಳಲ್ಲಿ ಪ್ರಶ್ನೆಯೆಲ್ಲವೂ ಅಡಗಿದೆ. ಮಗನ ಪಕ್ಷವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಅದನ್ನು ಪೂರ್ವಪಕ್ಷವಾಗಿ ಬಲವಾಗಿಯೇ ನಿಲ್ಲಿಸಬೇಕು. ಹೋಟೆಲಿನವರು ಒಂದೇ ಕೋಣೆಗೆ ಎರಡು ಬೆಲೆಗಳನ್ನಿಡುವುದುಂಟು. ಹಣವನ್ನು ಈಗಲೇ ಕೊಟ್ಟು ಮತ್ತೆ ಕೇಳುವುದಿಲ್ಲವೆಂದು ಒಪ್ಪಿಕೊಳ್ಳುವವನಿಗೆ ಕಡಮೆ. ಬೇಕಾದಾಗ ಬಿಡುವ ಸ್ವಾತಂತ್ರ್ಯವನ್ನು ಇಟ್ಟುಕೊಳ್ಳುವವನಿಗೆ ಹೆಚ್ಚು. ಎಂದಮೇಲೆ ಈ ಎರಡನೆಯವನು ಹೆಚ್ಚು ಕೊಡಲು ಒಪ್ಪಿರುವುದು ಆ ಸ್ವಾತಂತ್ರ್ಯಕ್ಕಾಗಿಯೇ. ಕೊಂಡ ಪದಾರ್ಥವನ್ನು ಬಳಸಿದವನನ್ನು ಸುಳ್ಳುಗಾರನೆಂದು ಹೇಗೆ ಹೇಳುವುದು? ಇದಲ್ಲದೆ ಹೋಟೆಲಿನವರೂ ಪರಮ ಸಾಧುಗಳಲ್ಲ. ಬಾರದೆ ಹೋಗುವವರು ಇಷ್ಟು ಜನವಿರುತ್ತಾರೆಂದು ಲೆಕ್ಕಹಾಕಿ, ಇರುವ ಕೋಣೆಗಳಿಗಿಂತ ಹೆಚ್ಚು ಜನಕ್ಕೆ ಮಾತು ಕೊಡುವ ಪದ್ಧತಿ ದೊಡ್ಡ ಹೋಟೆಲುಗಳಲ್ಲಿ ಲೋಕಪ್ರಸಿದ್ಧವಾದುದು. ಎಲ್ಲರೂ ಬಂದುಬಿಟ್ಟರೆ ಕಡೆಯಲ್ಲಿ ಬಂದವನನ್ನು ಬೇರೊಂದು ಹೋಟೆಲಿಗೆ ಸಾಗಹಾಕುತ್ತಾರೆ. ಎರಡು ಕಡೆಯವರೂ ಮಾತು ಮುರಿಯಬಹುದೆಂದು ಎರಡು ಕಡೆಯವರಿಗೂ ತಿಳಿದಿರುವಾಗ, ಅದು ಮಾತೆಂದೇ ಹೇಗೆ ಆದೀತು?

ಸಂಸ್ಕೃತವನ್ನು ಓದಿದ ಪೂರ್ವಪಕ್ಷಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಜೈಮಿನಿಯ ಮೀಮಾಂಸಾಶಾಸ್ತ್ರದ ಆರನೆಯ ಅಧ್ಯಾಯದಲ್ಲಿ, ಫಲವನ್ನು ಬಯಸಿ ಆರಂಭಿಸಿದ ಕಾಮ್ಯಕರ್ಮವನ್ನು, ನಡುವೆ ಫಲದ ಆಸೆ ಹೋದರೂ ಮುಗಿಸಲೇಬೇಕೆಂದು ನಿರ್ಣಯವಿದೆ. ಆದರೆ ಅಲ್ಲಿಯೇ, ಮನೆ ಕಟ್ಟುವುದು, ಬಂಡಿ ಮಾಡುವುದು ಮುಂತಾದ ಲೌಕಿಕ ಕರ್ಮಗಳಿಗೆ ಈ ನಿಯಮವಿಲ್ಲವೆಂತಲೂ ಹೇಳಿದೆ. ಹೋಟೆಲಿನ ಕೋಣೆಯು ಯಜ್ಞವಲ್ಲವಷ್ಟೆ!

ಈ ವಾದಕ್ಕೆ ಸಮಾಧಾನವನ್ನು ಹುಡುಕುತ್ತ ಹೊರಟವನಿಗೆ ನಮ್ಮ ವ್ಯವಹಾರಶಾಸ್ತ್ರದಲ್ಲಿ ಆಶ್ಚರ್ಯಕರವಾದ ಸಾಮಗ್ರಿ ದೊರೆಯುತ್ತದೆ. ಮೀಮಾಂಸಕರು ಬಿಟ್ಟುಕೊಟ್ಟ ಲೌಕಿಕವು ಒಬ್ಬನೇ ಮಾಡಿ ಒಬ್ಬನೇ ಬಿಡುವ ಕೆಲಸ. ನಾನು ನನ್ನ ಮನೆಯನ್ನು ಅರ್ಧ ಕಟ್ಟಿ ನಿಲ್ಲಿಸಿದರೆ ಮಳೆಯಲ್ಲಿ ನೆನೆಯುವವನು ನಾನು. ಇನ್ನೊಬ್ಬನ ಕೈಯನ್ನು ಹಿಡಿದ ಕೆಲಸಕ್ಕೆ ಬೇರೆ ಶಾಸ್ತ್ರವುಂಟು. ಮನುವು ಎಣಿಸಿದ ಹದಿನೆಂಟು ವಿವಾದಪದಗಳಲ್ಲಿ ಕ್ರಯವಿಕ್ರಯಾನುಶಯ ಎಂಬುದೊಂದು. ಕೊಂಡಮೇಲೆ ಅಥವಾ ಮಾರಿದಮೇಲೆ ಮನಸ್ಸು ತಿರುಗಿದರೆ ಏನು ಗತಿ ಎಂಬುದರ ವಿಚಾರವಿದು. ಮನುವು ಇದಕ್ಕೆ ಹತ್ತು ದಿನಗಳ ಅವಧಿಯನ್ನು ಕೊಟ್ಟನು. ಕೌಟಿಲ್ಯನು ಹೆಚ್ಚು ಲೋಕಜ್ಞ. ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿ ಎಂದು ಕಸಬಿಗೆ ತಕ್ಕಂತೆ ಅವಧಿಯನ್ನು ಹಂಚಿದನು. ೧೯೦೯ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು ಅಚ್ಚುಹಾಕಿಸದೆ ಇದ್ದಿದ್ದರೆ, 'ರದ್ದುಮಾಡಲು ಇಷ್ಟು ಗಂಟೆಗಳ ಅವಕಾಶ' ಎಂಬುದು ಪಾಶ್ಚಾತ್ಯರ ಹೊಸ ಬುದ್ಧಿಯೆಂದೇ ನಾವು ನಂಬಿರುತ್ತಿದ್ದೆವು. ಅವಧಿಯು ಮೀರಿದ ಮೇಲೆಯೂ ಮೂರು ಕಾರಣಗಳಿಗೆ ಅವನು ರಿಯಾಯಿತಿಯನ್ನು ತೋರಿಸುತ್ತಾನೆ: ಪದಾರ್ಥದ ದೋಷ, ರಾಜ, ಚೋರ, ಅಗ್ನಿ, ಜಲಗಳಿಂದ ಬರುವ ಉಪನಿಪಾತ, ತಾಳಲಾಗದ ಸ್ಥಿತಿ. ಇವಲ್ಲದೆ ಸುಮ್ಮನೆ ಬೇಡವೆಂದವನಿಗೆ ಹನ್ನೆರಡು ಪಣ ದಂಡ. ಮಾರಿದವನಿಗೂ ಕೊಂಡವನಿಗೂ ಇದು ಸಮಾನ.

೨೦೨೦ನೆಯ ಮಾರ್ಚಿಯಲ್ಲಿ ಮಹಾಮಾರಿಯ ಭಯದಿಂದ ದಕ್ಷಿಣ ಅಮೆರಿಕದ ದೇಶಗಳು ಗಡಿಗಳನ್ನು ಮುಚ್ಚಿದಾಗ ಕಾಯ್ದಿರಿಸಿದ ಕೋಣೆಗಳೆಲ್ಲ ಬರಿದಾದುವು. ಆಗ ಮಾತು ಮುರಿದವರು ಪ್ರವಾಸಿಗಳೂ ಅಲ್ಲ, ಹೋಟೆಲಿನವರೂ ಅಲ್ಲ. ಅದು ಉಪನಿಪಾತ.

ಹೀಗೆ ಅನುಶಯಕ್ಕೆ ಶಾಸ್ತ್ರದ ಸಮ್ಮತಿಯಿದೆಯೆಂದಮೇಲೆ ಮಗನೇ ಗೆದ್ದಂತಾಯಿತಲ್ಲವೆ ಎಂದರೆ, ಇಲ್ಲ. ಅನುಶಯವೆಂದರೆ ಆಮೇಲೆ ಹುಟ್ಟಿದ ಪಶ್ಚಾತ್ತಾಪ. 'ಅನು' ಎಂಬ ಉಪಸರ್ಗವೇ ಮೊದಲು ಒಂದು ನಿಶ್ಚಯವಿತ್ತೆಂಬುದನ್ನು ಹೇಳುತ್ತದೆ. ಒಂದೇ ಕೋಣೆಯನ್ನು ಹಿಡಿದು, ಅಲ್ಲಿಯೇ ತಂಗುವೆನೆಂದು ನಿಶ್ಚಯಿಸಿ, ತರುವಾಯ ಕಾರಣಾಂತರದಿಂದ ಬೇಡವೆಂದವನಿಗೆ ಅನುಶಯವುಂಟಾಯಿತೆನ್ನಬಹುದು. ಅದೇ ರಾತ್ರಿಗೆ ಮೂರು ಕೋಣೆಗಳನ್ನು ಹಿಡಿದವನಿಗೆ ಎರಡು ಕೋಣೆಗಳ ವಿಷಯದಲ್ಲಿ ನಿಶ್ಚಯವೇ ಹುಟ್ಟಿಲ್ಲ. ಮಾತಾಡುವ ಕ್ಷಣದಲ್ಲಿಯೇ, ಈ ಮೂರರಲ್ಲಿ ಎರಡು ಸುಳ್ಳು ಎಂದು ಅವನು ಬಲ್ಲನು. ಯಾವ ಎರಡು ಎಂಬುದು ಮಾತ್ರ ಅವನಿಗೆ ತಿಳಿಯದು. ನಿಶ್ಚಯವಿಲ್ಲದ ಕಡೆ ಅನುಶಯಕ್ಕೆ ಎಡೆಯೆಲ್ಲಿ? ಆದ್ದರಿಂದ ಹೋಟೆಲಿನವರು ಬರೆದ ನಿಯಮವು ಅವನ ಹಣವನ್ನು ಉಳಿಸಿಕೊಡಬಹುದು. ಅವನ ಮಾತಿಗೆ ಸತ್ಯವನ್ನು ತಂದುಕೊಡಲಾರದು. ಹೋಟೆಲಿನವನು ಮಾರಿದ್ದು ಮನಸ್ಸನ್ನು ಬದಲಾಯಿಸುವ ಅವಕಾಶವನ್ನು. ಮನಸ್ಸನ್ನೇ ಮಾಡದೆ ಇರುವವನಿಗೆ ಆ ಪದಾರ್ಥದಿಂದ ಉಪಯೋಗವಾಗುವುದು ಆಕಸ್ಮಿಕ.

ತಂದೆಯವರ ಮಾತಿಗೂ ಉತ್ತರವಿಲ್ಲಿದೆ. ವ್ಯಾಪಾರವೂ ಮರ್ಯಾದೆಯೂ ಬೇರೆಯೆಂಬುದು ನಮ್ಮವರ ಮತವಾಗಿರಲಿಲ್ಲ. ಮುಂಗಡಕ್ಕೆ ಕನ್ನಡದಲ್ಲಿ ಸಂಚಕಾರವೆಂಬ ಹೆಸರುಂಟು. ಈಗ ನಾವು ಆ ಶಬ್ದವನ್ನು ಪ್ರಾಣಕ್ಕೆ ಅಪಾಯವೆಂಬ ಅರ್ಥದಲ್ಲಿ ಮಾತ್ರ ಬಳಸುತ್ತೇವೆ. ಅದು ಸತ್ಯಂಕಾರವೆಂಬ ಸಂಸ್ಕೃತಪದದ ತದ್ಭವ. ಮಾತನ್ನು ಸತ್ಯವನ್ನಾಗಿ ಮಾಡುವುದು ಎಂದು ಅದರ ಅರ್ಥ. ಹೀಗೆ ಕೊಟ್ಟ ಧನವನ್ನು ಇಮ್ಮಡಿಯಾಗಿ ಹಿಂದಕ್ಕೆ ಕೊಡಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯಲ್ಲಿ ವಿಧಿಯಿದೆ. ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕುಳಿತು ಅದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇದನ್ನು ಇನ್ನೂ ಬಿಡಿಸುತ್ತಾನೆ. ಕ್ರಯವಿಕ್ರಯದ ಮಾತು ನಿಲ್ಲಲೆಂದು ಉಂಗುರವನ್ನೋ ಮತ್ತೇನನ್ನೋ ಇನ್ನೊಬ್ಬನ ಕೈಗೆ ಕೊಟ್ಟವನು ತಾನೇ ತಪ್ಪಿದರೆ ಆ ಉಂಗುರ ಹೋಯಿತು. ತೆಗೆದುಕೊಂಡವನು ತಪ್ಪಿದರೆ ಎರಡರಷ್ಟು ಕೊಡಬೇಕು. ಎರಡು ಕಡೆಯವರೂ ಸಮಾನವಾಗಿ ಕಟ್ಟುಬಿದ್ದಿದ್ದಾರೆ. ಆದರೆ ಮನೆಯ ಯಜಮಾನನಾದವನಿಗೆ ಭಾರ ಹೆಚ್ಚು. ಇಲ್ಲದ ಕೋಣೆಯನ್ನು ಮಾರಿ ಮಧ್ಯರಾತ್ರಿಯಲ್ಲಿ ವೃದ್ಧರನ್ನು ಬೀದಿಗೆ ಕಳುಹಿಸುವ ಹೋಟೆಲಿನವನಿಗೆ ಈ ವಿಧಿಯನ್ನು ಓದಿ ಹೇಳಬೇಕೆನಿಸುತ್ತದೆ. ಅವನು ತಪ್ಪುತ್ತಾನೆಂಬುದರಿಂದ ನಮ್ಮ ತಪ್ಪು ತೊಳೆದುಹೋಗುವುದೇ? ಅವನ ಲೆಕ್ಕಾಚಾರ ಹುಟ್ಟಿದ್ದೇ ನಮ್ಮಂಥವರು ಮೂರು ಮೂರು ಕೋಣೆಗಳನ್ನು ಹಿಡಿದದ್ದರಿಂದ. ನಾವು ಮೂರು ಹಿಡಿಯುವುದು ಅವನ ಲೆಕ್ಕಾಚಾರದ ಭಯದಿಂದ. ಬೀಜವೃಕ್ಷನ್ಯಾಯದಂತೆ ಇದಕ್ಕೆ ಆದಿ ಕಾಣದು. ಆದಿ ಕಾಣದ ಸರಪಣಿಯನ್ನು ಯಾವ ಕೊಂಡಿಯಲ್ಲಾದರೂ ಬಿಡಿಸಬಹುದು.

ಒಂದು ದೃಷ್ಟಾಂತವನ್ನು ಇಲ್ಲಿ ನೆನೆಯದಿರಲಾರೆ. ೧೯೨೪ರಲ್ಲಿ ಕವಿ ರವೀಂದ್ರನಾಥ ಠಾಕೂರರು ಪೆರು ದೇಶದವರ ಆಹ್ವಾನವನ್ನು ಒಪ್ಪಿ, ಆಯಾಕುಚೊ ಯುದ್ಧದ ನೂರನೆಯ ವರ್ಷದ ಉತ್ಸವಕ್ಕೆಂದು ಹಡಗು ಹತ್ತಿದರು. ದಾರಿಯಲ್ಲಿ ಕಾಯಿಲೆ ಬಿದ್ದು ನವೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಇಳಿದು ಅಲ್ಲಿಯ ಪ್ಲಾಜಾ ಹೋಟೆಲಿನಲ್ಲಿ ತಂಗಿದರು. ವೈದ್ಯರು ಪ್ರಯಾಣ ಕೂಡದೆಂದರು. ವಿಕ್ಟೋರಿಯಾ ಒಕಾಂಪೊ ಎಂಬ ಸಾಹಿತ್ಯಪ್ರಿಯೆಯು ಅವರನ್ನು ಹೋಟೆಲಿನಿಂದ ಕರೆತಂದು, ಸಾನ್ ಇಸಿದ್ರೊ ಎಂಬ ಹೊರವಲಯದಲ್ಲಿ ನದಿಯ ಕಡೆಗೆ ತೆರೆದಿದ್ದ ಮಿರಾಲ್ರಿಯೊ ಎಂಬ ಮನೆಯಲ್ಲಿ ಇರಿಸಿದಳು. ಕೆಲವು ದಿನಗಳೆಂದು ಬಂದವರು ಸುಮಾರು ಎರಡು ತಿಂಗಳು ನಿಂತರು. ಆ ಮನೆಯ ಬಾಡಿಗೆಗಾಗಿ ಆಕೆ ತನ್ನ ವಜ್ರದ ಒಡವೆಯೊಂದನ್ನು ಮಾರಿದಳೆಂಬುದು ಪ್ರಸಿದ್ಧವಾದ ಸಂಗತಿ. ಪೆರುವಿಗೆ ಕೊಟ್ಟ ಮಾತು ನಡೆಯಲಿಲ್ಲ. ೧೯೨೫ರ ಜನವರಿಯ ಮೊದಲಲ್ಲಿ ಕವಿಗಳು ಯೂರೋಪಿನ ಕಡೆಗೆ ಹಡಗು ಹತ್ತಿದರು. ಆ ದಿನಗಳ ಕವನಗಳಿರುವ 'ಪೂರಬಿ' ಎಂಬ ಸಂಗ್ರಹವನ್ನು 'ವಿಜಯಾ' ಎಂಬ ಹೆಸರಿನಲ್ಲಿ ಆಕೆಗೆ ಅರ್ಪಿಸಿದರು.

ಈ ಒಂದು ಪ್ರಯಾಣದಲ್ಲಿ ಎಷ್ಟು ಬಗೆಯ ಮಾತುಗಳು ಕೂಡಿವೆ! ಪೆರುವಿನವರಿಗೆ ಕೊಟ್ಟ ಮಾತು ನಿಶ್ಚಯದಿಂದ ಕೊಟ್ಟದ್ದು, ದೇಹಸ್ಥಿತಿಯಿಂದ ಮುರಿದದ್ದು. ಕೌಟಿಲ್ಯನೂ ದಂಡ ಹಾಕುತ್ತಿರಲಿಲ್ಲ. ಹೋಟೆಲಿನಲ್ಲಿ ಇದ್ದಷ್ಟು ದಿನ ಅವರು ಕೋಣೆಯನ್ನು ಹಿಡಿದವರು. ಮಿರಾಲ್ರಿಯೊಗೆ ಹೋದಮೇಲೆ, ಯಾವ ತಿಥಿಯ ನಿಯಮವೂ ಇಲ್ಲದೆ, ಮೊದಲಿನ ಅರ್ಥದಲ್ಲಿಯೇ ಅತಿಥಿಗಳಾದರು. ಇಂಥ ಮನೆ ಎಲ್ಲರಿಗೂ ದೊರೆಯುವುದಿಲ್ಲ. ನಮ್ಮಲ್ಲಿಯೂ ಛತ್ರಗಳು ಮದುವೆಗೆ ಬಾಡಿಗೆಗೆ ಹೋಗುವ ಕಟ್ಟಡಗಳಾಗಿ, ಅರವಟ್ಟಿಗೆಗಳು ರಾಮನವಮಿಯ ದಿನಕ್ಕೆ ಮಾತ್ರ ಉಳಿದಿರುವಾಗ, ಪರದೇಶದವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಅಲ್ಲಿಯ ಸರಕಾರಗಳು ಪರದೇಶದವನಿಗೆ ತೋರುವ ಒಂದು ಆದರವನ್ನು ಮಾತ್ರ ಹೇಳಿಬಿಡುತ್ತೇನೆ, ಗೃಹಸ್ಥರಿಗೆ ಉಪಯೋಗವಾದೀತು. ಅರ್ಜೆಂಟೀನಾದಲ್ಲಿ ಕೋಣೆಯ ಬಾಡಿಗೆಗೆ ನೂರಕ್ಕೆ ೨೧ರಂತೆಯೂ ಚಿಲಿಯಲ್ಲಿ ನೂರಕ್ಕೆ ೧೯ರಂತೆಯೂ ತೆರಿಗೆಯುಂಟು. ಹೊರದೇಶದಲ್ಲಿ ವಾಸಿಸುವವನು ಪಾಸ್‌ಪೋರ್ಟನ್ನು ತೋರಿಸಿ, ಅರ್ಜೆಂಟೀನಾದಲ್ಲಿ ಹೊರದೇಶದ ಕಾರ್ಡಿನಿಂದಲೂ ಚಿಲಿಯಲ್ಲಿ ವಿದೇಶೀ ನಾಣ್ಯದಿಂದಲೂ ಹಣ ಕೊಟ್ಟರೆ ಆ ತೆರಿಗೆಯನ್ನು ಬಿಡುತ್ತಾರೆ. ಪೆರುವಿನಲ್ಲಿಯೂ ಇಂಥ ವಿನಾಯಿತಿಯಿದೆ. ಇದು ಅತಿಥಿಪೂಜೆಯೋ ಡಾಲರಿನ ಪೂಜೆಯೋ ಎಂಬುದನ್ನು ನಾನು ತೀರ್ಮಾನಿಸಲಾರೆ. ಕೋಣೆ ಹಿಡಿಯುವಾಗ ಹೇಳಿದ ಬೆಲೆಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂದು ಕೇಳುವುದು ಒಳ್ಳೆಯದು.

ಇನ್ನು ವೀಸಾದ ವಿಚಾರ. ಇದು ನಮ್ಮ ಜನಕ್ಕೆ ತೀರ ಹತ್ತಿರವಾದುದು. ಅನೇಕ ದೇಶಗಳ ರಾಯಭಾರ ಕಚೇರಿಯವರು, ಎಲ್ಲಿ ತಂಗುವಿರೆಂಬುದಕ್ಕೆ ಹೋಟೆಲಿನ ಕಾಗದವನ್ನು ತೋರಿಸಿರೆಂದು ಕೇಳುತ್ತಾರೆ. ಆ ಕಾಗದಕ್ಕಾಗಿಯೇ ಒಂದು ಕೋಣೆಯನ್ನು ಹಿಡಿದು, ವೀಸಾ ಕೈಗೆ ಬಂದ ಮರುದಿನ ಅದನ್ನು ಬಿಟ್ಟು, ಬೇರೊಂದನ್ನು ಹುಡುಕುವವರು ಬಹು ಮಂದಿ. ವೀಸಾ ಬರುವುದೇ ಸಂಶಯವಾಗಿರುವಾಗ ನಿಶ್ಚಯವನ್ನು ಎಲ್ಲಿಂದ ತರುವುದೆಂದು ಇವರು ಕೇಳುತ್ತಾರೆ. ಈ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ವೀಸಾ ಬಂದರೆ ಇಲ್ಲಿಯೇ ತಂಗುವೆನು ಎಂದು ಹಿಡಿದ ಕೋಣೆಯು ಸಾಪೇಕ್ಷವಾದ ನಿಶ್ಚಯ. ಮಳೆ ಬಂದರೆ ಬಿತ್ತುವೆನೆಂಬ ರೈತನ ಮಾತಿನಂತೆ ಅದು ಸತ್ಯವೇ. ಅಲ್ಲಿ ಎಂದಿಗೂ ತಂಗುವುದಿಲ್ಲವೆಂದು ತಿಳಿದೇ ಕಾಗದವನ್ನು ತೆಗೆದುಕೊಂಡವನು, ಒಂದು ಸುಳ್ಳಿನಿಂದ ಇಬ್ಬರನ್ನು ವಂಚಿಸುತ್ತಾನೆ: ಕೋಣೆಯವನನ್ನೂ ಕಚೇರಿಯವರನ್ನೂ. ಕೌಟಿಲ್ಯನ ಕಾಲದಲ್ಲಿಯೂ ಧರ್ಮಶಾಲೆಯವನು ಬಂದ ದಾರಿಹೋಕರ ಸುದ್ದಿಯನ್ನು ಅಧಿಕಾರಿಗೆ ತಿಳಿಸಿಯೇ ಅವರಿಗೆ ಎಡೆ ಕೊಡಬೇಕಾಗಿತ್ತು. ರಾಜನಿಗೆ ಪಥಿಕನ ಮೇಲೆ ಸಂಶಯವು ಹೊಸದಲ್ಲ. ಆ ಸಂಶಯವನ್ನು ನಿಜಮಾಡಿ ತೋರಿಸುವ ಕೆಲಸವನ್ನು ನಾವೇಕೆ ಮಾಡಬೇಕು?

ಮಗನು ಮೂರು ಕೋಣೆಗಳನ್ನು ಹಿಡಿದುದಕ್ಕೆ ಮೂಲಕಾರಣವನ್ನೂ ನೋಡಬೇಕು. ಅವನಿಗೆ ಆರಿಸಲು ತಿಳಿಯಲಿಲ್ಲ. ನೋಡದ ಊರಿನ ಕಾಣದ ಕೋಣೆಯ ವಿಷಯದಲ್ಲಿ ಪ್ರತ್ಯಕ್ಷವಿಲ್ಲ, ಚಿತ್ರಗಳಿಂದ ಮಾಡುವ ಅನುಮಾನವು ಹೇತ್ವಾಭಾಸಗಳ ಗಣಿ, ಉಳಿದದ್ದು ಶಬ್ದಪ್ರಮಾಣ. ಅಲ್ಲಿ ತಂಗಿಬಂದ ಸಾವಿರಾರು ಅಪರಿಚಿತರು ಬರೆದಿಟ್ಟ ಅಭಿಪ್ರಾಯಗಳೇ ಇಂದಿನ ಆಪ್ತವಾಕ್ಯ. ಆಪ್ತನೆಂದರೆ ವಿಷಯವನ್ನು ತಾನೇ ಕಂಡವನು, ಕಂಡಂತೆ ಹೇಳಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ನ್ಯಾಯಭಾಷ್ಯವನ್ನು ಬರೆದ ವಾತ್ಸ್ಯಾಯನನು ಉದಾರವಾಗಿ ಹೇಳಿದ್ದಾನೆ. ಈ ಲಕ್ಷಣದಿಂದ ಸೋಸಿದರೆ ಬಹಳ ಉಪಯೋಗವಾಗುತ್ತದೆ. 'ಸ್ವರ್ಗದಂತಿದೆ' ಎಂದು ಬರೆದವನು ಏನನ್ನೂ ಕಂಡವನಲ್ಲ. 'ಮೂರನೆಯ ಅಂತಸ್ತಿಗೆ ಲಿಫ್ಟಿಲ್ಲ, ಬೆಳಗ್ಗೆ ಬಿಸಿನೀರು ತಡವಾಗಿ ಬರುತ್ತದೆ, ಬೀದಿ ರಾತ್ರಿ ಎರಡರವರೆಗೆ ಗದ್ದಲ' ಎಂದು ಬರೆದವನು ಕಂಡವನು. ಅವನು ಸ್ಪೇನಿನವನಾದರೇನು, ಕೊಪ್ಪಳದವನಾದರೇನು? ಹೀಗೆ ಒಂದು ಸಂಜೆ ಕುಳಿತು ಓದಿದರೆ ಮೂರರಲ್ಲಿ ಎರಡು ತಾವಾಗಿ ಬಿದ್ದುಹೋಗುತ್ತವೆ. ಮೂರು ಕೋಣೆಗಳನ್ನು ಹಿಡಿಯುವುದೆಂದರೆ ವಿಚಾರಮಾಡುವ ಶ್ರಮವನ್ನು ಹೋಟೆಲಿನವರ ಖರ್ಚಿನಲ್ಲಿ ಮುಂದಕ್ಕೆ ಹಾಕಿದಂತೆ.

ವೃದ್ಧರ ವಿಷಯದಲ್ಲಿ ಆರಿಸುವುದಕ್ಕೆ ದೇಹವೂ ಒಂದು ಪ್ರಮಾಣ. ಹಡಗಿಗೆ ಮುಂಚೆ ಪೆರುವಿನ ಮಾಚು ಪಿಚುವನ್ನು ನೋಡಬೇಕೆನ್ನುವವರು ಕುಸ್ಕೊ ಪಟ್ಟಣದಲ್ಲಿ ತಂಗುತ್ತಾರೆ. ಅದು ಸಮುದ್ರಮಟ್ಟಕ್ಕಿಂತ ಸುಮಾರು ೩,೪೦೦ ಮೀಟರು ಎತ್ತರ. ಮಾಚು ಪಿಚು ಸುಮಾರು ೨,೪೦೦ ಮಾತ್ರ. ತಿಳಿದವರು ಮೊದಲೆರಡು ರಾತ್ರಿಗಳನ್ನು ತಗ್ಗಿನ ಕಣಿವೆಯ ಊರುಗಳಲ್ಲಿ ಕಳೆದು ಆಮೇಲೆ ಮೇಲಕ್ಕೆ ಹೋಗುತ್ತಾರೆ. ಕುಸ್ಕೊದಲ್ಲಿ ಇನ್ನೊಂದು ವಿಚಾರವೂ ಎದುರಾಗುತ್ತದೆ. ಅಲ್ಲಿಯ ಹೋಟೆಲುಗಳಲ್ಲಿ ಕೆಲವು ಹಿಂದೆ ಸ್ಪೇನಿನವರ ಮಠಗಳಾಗಿದ್ದವು, ಆ ಮಠಗಳಿಗೂ ಕೆಳಗೆ ಇಂಕಾ ಅರಸರ ಕಲ್ಲುಗೋಡೆಗಳಿವೆ. ಸಫಿ ಎಂಬ ಬೀದಿಯಲ್ಲಿ ಹೊಸ ಹೋಟೆಲೊಂದನ್ನು ಎಬ್ಬಿಸುವಾಗ ಆ ಹಳೆಯ ಗೋಡೆಗಳು ಹಾಳಾದುವೆಂದು ವ್ಯಾಜ್ಯವಾಗಿ, ೨೦೧೯ರಲ್ಲಿ ನ್ಯಾಯಾಲಯವು ಆ ಕಟ್ಟಡವನ್ನೇ ಕೆಡವಬೇಕೆಂದು ಆಜ್ಞಾಪಿಸಿತು. ಇರುಳು ತಂಗುವ ಗೋಡೆ ಯಾರದೆಂದು ಕೇಳಿಕೊಂಡು ಮಲಗುವ ಪ್ರವಾಸಿಗಳು ವಿರಳ. ಹಂಪೆಯ ನಾಡಿನವರಾದ ನಾವಾದರೂ ಕೇಳಬಹುದು.

ಮಾತು ಕೊಟ್ಟಾಯಿತು, ಬಿಡುವುದೂ ನ್ಯಾಯವಾಗಿಯೇ ಇದೆ, ಆಗಲೂ ಯಾವಾಗ ಬಿಡುವುದೆಂಬ ಪ್ರಶ್ನೆ ಉಳಿಯುತ್ತದೆ. ನಿಯಮದಲ್ಲಿ ಎರಡು ದಿನದ ಮುಂಚೆ ಎಂದಿದ್ದರೆ, ಎರಡು ತಿಂಗಳ ಮುಂಚೆಯೇ ಬೇಡವೆಂದು ತಿಳಿದವನು ಕಡೆಯ ದಿನದವರೆಗೆ ಕಾಯುವುದು ಅಧರ್ಮವೆಂದೇ ನನ್ನ ಎಣಿಕೆ. ಇನ್ನೂರು ಕೋಣೆಗಳ ಅರಮನೆಗೆ ಇದರಿಂದ ಏನೂ ಆಗದು. ಉಷುವಾಯದಲ್ಲಿ ಗಂಡಹೆಂಡಿರೇ ನಡೆಸುವ ಆರು ಕೋಣೆಗಳ ಮನೆಯನ್ನು ನೆನೆದು ನೋಡಿ. ಹಡಗುಗಳ ಕಾಲ ಐದು ತಿಂಗಳು. ಹಡಗಿನ ಹಿಂದಿನ ರಾತ್ರಿಗೆ ಇರುವ ಬೇಡಿಕೆ ಅದರ ಮರುದಿನಕ್ಕಿಲ್ಲ. ಆ ಒಂದು ರಾತ್ರಿಯಲ್ಲಿ, ನಿಮ್ಮ ಹೆಸರು ಬರೆದಿದ್ದರಿಂದ ಬೇರೆಯವರನ್ನು ಇಲ್ಲವೆಂದು ಕಳುಹಿಸಿದ ಕೋಣೆ ಬರಿದಾಗಿ ನಿಂತಿದೆ. ಕಂಪ್ಯೂಟರಿನ ಪರದೆಯ ಮೇಲೆ ಒತ್ತಿದ ಗುಂಡಿಗೆ ಕಿವಿಯಿಲ್ಲವೆಂದು ನಾವು ತಿಳಿದಿದ್ದೇವೆ. ಆದರೆ ಅದರ ಆಚೆಯ ಕೊನೆಯಲ್ಲಿ ಹಾಸಿಗೆಗೆ ಮಗ್ಗುಲುಹೊದಿಕೆ ಬದಲಾಯಿಸಿ, ನಾಳೆಯ ರೊಟ್ಟಿಗೆ ಹಿಟ್ಟು ಕಲಸಿಟ್ಟವಳು ಒಬ್ಬಳಿದ್ದಾಳೆ. ಹಾನಿ ದೊಡ್ಡವನಿಗಾದರೆ ಕ್ಷಮ್ಯ, ಚಿಕ್ಕವನಿಗಾದರೆ ಪಾಪ ಎಂಬ ಮತ ನನ್ನದಲ್ಲ. ಮಾತಿನ ಸತ್ಯಾಸತ್ಯವು ಕೇಳಿದವನ ಐಶ್ವರ್ಯದಿಂದ ಬದಲಾಗದು. ಹಾನಿಯ ತೂಕ ಮಾತ್ರ ಬದಲಾಗುತ್ತದೆ, ಅದನ್ನು ಗಣಿಸದೆ ಇರುವುದು ಕಾಠಿನ್ಯ.

ನನಗೆ ಬಗೆಹರಿಯದ ಒಂದು ಪ್ರಶ್ನೆಯುಂಟು; ಅದನ್ನು ವಾಚಕರ ಮುಂದಿಡುತ್ತೇನೆ. ಒಂದೇ ಕೋಣೆಯನ್ನು ನಿಶ್ಚಯದಿಂದ ಹಿಡಿದಿದ್ದೇವೆ. ತಿಂಗಳಾದಮೇಲೆ ಅದೇ ಮನೆಯ ಅದೇ ಕೋಣೆಯ ಬೆಲೆ ಇಳಿದಿದೆ. ಹಳೆಯದನ್ನು ಬಿಟ್ಟು ಹೊಸ ಬೆಲೆಗೆ ಅದನ್ನೇ ಹಿಡಿಯಬಹುದೇ? ತಂಗುವ ಮಾತು ಮುರಿಯಲಿಲ್ಲ; ಕೊಡುವ ಮಾತು ಮುರಿಯಿತು. ಬೆಲೆ ಏರಿದ್ದರೆ ಯಜಮಾನನು ನಮ್ಮಿಂದ ಹೆಚ್ಚು ಕೇಳುತ್ತಿರಲಿಲ್ಲವಷ್ಟೆ. ಇಂಥ ಸಂದರ್ಭದಲ್ಲಿ ಒಬ್ಬ ಗೃಹಿಣಿಯವರು ಹಳೆಯದನ್ನು ಬಿಡದೆ, ಮನೆಯವರಿಗೇ ನೇರವಾಗಿ ಒಂದು ಕಾಗದ ಬರೆದು, ಬೆಲೆ ಇಳಿದಿರುವು ಕಂಡಿತೆಂದೂ ಅವರಿಗೆ ಯುಕ್ತವೆಂದು ತೋರಿದಂತೆ ಮಾಡಬಹುದೆಂದೂ ತಿಳಿಸಿದರಂತೆ. ಮೂರು ದಿನಗಳಾದಮೇಲೆ ಉತ್ತರ ಬಂದಿತು. ಇಳಿದದ್ದರಲ್ಲಿ ಅರ್ಧವನ್ನು ಬಿಟ್ಟಿರುವುದಾಗಿ ಬರೆದು, ಬೆಳಗಿನ ಉಪಾಹಾರಕ್ಕೆ ಮೊಟ್ಟೆಯನ್ನು ತಿನ್ನುತ್ತೀರೋ ಇಲ್ಲವೋ ಎಂದು ಕೆಳಗೆ ಕೇಳಿದ್ದರು.